ಒಂಟಿತನ ನಿಜಕ್ಕೂ 15 ಸಿಗರೇಟಿಗೆ ಸಮವೇ? ದಾವಣಗೆರೆ, ಚಿತ್ರದುರ್ಗದಲ್ಲಿ ಕೂತು ಒಂದು ವರದಿ ಓದುವಾಗ

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾಜಿಕ ಸಂಪರ್ಕ ಆಯೋಗ 2025ರ ಜೂನ್ 30ರಂದು ತನ್ನ ವರದಿ ಹೊರತಂದಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಅದಕ್ಕೆ ತಳುಕು ಹಾಕಿಕೊಂಡ ಸಾವುಗಳು ಗಂಟೆಗೆ ಸುಮಾರು 100, ವರ್ಷಕ್ಕೆ 8.71 ಲಕ್ಷಕ್ಕೂ ಹೆಚ್ಚು ಎಂಬುದು ಅದರ ಅಂದಾಜು. ಅದೇ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ಹಾಸನದ ಹೃದಯಾಘಾತಗಳದ್ದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಹೃದಯಕ್ಕೆ ಏನಾಗುತ್ತಿದೆ ಎಂಬ ಆ ಭಯದ ನಡುವೆಯೇ ಈ ವರದಿಯ ಚೂರುಗಳೂ ಹಳೆಯ ಸಂಶೋಧನೆಗಳ ಚೂರುಗಳೂ ಬೆರೆತು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಒಂಟಿತನವೆಂದರೆ ದಿನಕ್ಕೆ 15 ಸಿಗರೇಟು ಸೇದಿದಂತೆ. ಒಬ್ಬರೇ ವಾಸಿಸಿದರೆ ಸಾವಿನ ಅಪಾಯ ಶೇ 32 ಹೆಚ್ಚು. ಗೆಳೆಯರಿದ್ದರೆ ಆಯುಸ್ಸು ಶೇ 50 ಜಾಸ್ತಿ.

ಇವುಗಳಲ್ಲಿ ಮೊದಲನೆಯದು ಅರ್ಧ ಸರಿ. ಎರಡನೆಯದು ಸರಿ, ಆದರೆ ಅದರ ಅರ್ಥ ಜನ ತಿಳಿದುಕೊಂಡಂತೆ ಇಲ್ಲ. ಮೂರನೆಯದು ತಪ್ಪು. ಇನ್ನೊಂದು ಗೊಂದಲ ಇವೆಲ್ಲಕ್ಕಿಂತ ಆಳದ್ದು. ದಾವಣಗೆರೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಆರು ಜನರ ಮನೆಯಲ್ಲಿರುವ ಅಜ್ಜಿಗೂ ಈ ವರದಿಗೂ ಏನು ಸಂಬಂಧ? ಸಂಬಂಧವಿದೆ. ಆದರೆ ಅದನ್ನು ಕಾಣಬೇಕಾದರೆ ಸಂಶೋಧನೆ ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ಒಂದೊಂದೇ ಎಳೆಯಾಗಿ ಬಿಡಿಸಿಕೊಳ್ಳಬೇಕು.

ಒಂಟಿ, ಏಕಾಂಗಿ, ಏಕಾಂತ

ಸುದ್ದಿಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂಬಂತೆ ಬರೆಯಲಾಗುತ್ತದೆ. ಒಂದು, ಜನಸಂಪರ್ಕವೇ ಕಡಿಮೆ ಇರುವುದು. ವಾರದಲ್ಲಿ ಎಷ್ಟು ಜನರ ಜೊತೆ ಮಾತು, ಯಾವ ಸಂಘದಲ್ಲಿದ್ದೀರಿ, ಮನೆಗೆ ಯಾರು ಬಂದು ಹೋಗುತ್ತಾರೆ ಎಂದು ಹೊರಗಿನಿಂದಲೇ ಎಣಿಸಿ ಇದನ್ನು ಹೇಳಬಹುದು. ಇನ್ನೊಂದು, ಒಂಟಿತನ. ಇದು ಒಳಗಿನ ಅನುಭವ. ಬೇಕಾದಷ್ಟು ಆಪ್ತತೆ ಸಿಗುತ್ತಿಲ್ಲ ಎಂಬ ನೋವು. ಇದನ್ನು ಬೇರೆಯವರು ಎಣಿಸಿ ಹೇಳಲಾಗದು, ಅವರನ್ನೇ ಕೇಳಬೇಕು.

ಎರಡೂ ಒಟ್ಟಿಗೇ ಇರಬೇಕೆಂದಿಲ್ಲ. ತೋಟದ ಮನೆಯಲ್ಲಿ ಒಬ್ಬರೇ ಇದ್ದು ನೆಮ್ಮದಿಯಾಗಿರುವವರಿದ್ದಾರೆ. ಅದಕ್ಕೆ ಕನ್ನಡದಲ್ಲಿ ಏಕಾಂತ ಎಂಬ ಚೆಂದದ ಪದವೇ ಇದೆ, ಅದು ಕಾಯಿಲೆಯಲ್ಲ. ತುಂಬಿದ ಮನೆಯಲ್ಲಿ ಎಲ್ಲರ ಊಟ ಆಗುವವರೆಗೆ ಕಾದು, ಆಮೇಲೆ ತಟ್ಟೆ ಹಿಡಿದು ಟಿವಿ ಮುಂದೆ ಕೂರುವ, ದಿನವಿಡೀ ‘ಮಾತ್ರೆ ತಗೊಂಡ್ಯಾ’ ಎಂಬುದರ ಆಚೆಗೆ ಯಾರಿಂದಲೂ ಒಂದು ಮಾತು ಕೇಳದ ಹಿರಿಯರೂ ಇದ್ದಾರೆ. ಮನೆಯ ಜನಗಣತಿ ಅವರನ್ನು ಒಂಟಿ ಎಂದು ಬರೆದುಕೊಳ್ಳುವುದಿಲ್ಲ.

ಅಂಕಿಗಳನ್ನು ಬಿಡಿಸಿ ನೋಡಿದರೆ

ಈ ಕ್ಷೇತ್ರದ ಬುನಾದಿ ಹಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ 6,928 ವಯಸ್ಕರನ್ನು ಒಂಬತ್ತು ವರ್ಷ ಹಿಂಬಾಲಿಸಿ ನೋಡಿದ ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಅವರ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ನಂಟು ಅತಿ ಕಡಿಮೆ ಇದ್ದವರು, ಅತಿ ಹೆಚ್ಚು ಇದ್ದವರಿಗಿಂತ ಆ ಅವಧಿಯಲ್ಲಿ ಸಾಯುವ ಸಾಧ್ಯತೆ ಗಂಡಸರಲ್ಲಿ 2.3 ಪಟ್ಟು, ಹೆಂಗಸರಲ್ಲಿ 2.8 ಪಟ್ಟು ಇತ್ತು. ಧೂಮಪಾನ, ಕುಡಿತ, ಬೊಜ್ಜು, ಆದಾಯ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು.

ಅಲ್ಲಿಂದ ಮುಂದೆ ಬಂದ 148 ಅಧ್ಯಯನಗಳನ್ನು, ಅವುಗಳಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಸರಾಸರಿ ಏಳೂವರೆ ವರ್ಷದ ಅವಧಿಯಲ್ಲಿ, ಗಟ್ಟಿ ಸಂಬಂಧಗಳಿದ್ದವರು ಬದುಕಿ ಉಳಿದಿರುವ ಸಂಭವ ಶೇ 50 ಹೆಚ್ಚು ಎಂಬುದು ಅದರ ತೀರ್ಮಾನ. ಇದರರ್ಥ 70 ವರ್ಷ ಬದುಕಬೇಕಾದವರು 105 ವರ್ಷ ಬದುಕುತ್ತಾರೆ ಎಂದಲ್ಲ. ನಿರ್ದಿಷ್ಟ ಅವಧಿಯೊಳಗೆ ಬದುಕಿ ಉಳಿಯುವ ಮತ್ತು ಸಾಯುವ ಸಂಭವಗಳ ಅನುಪಾತ ಅದು. ಮೊಬೈಲಿನಲ್ಲಿ ಓಡಾಡುವ ಮೂರನೆಯ ಮಾತು ಎಡವಿದ್ದು ಇಲ್ಲಿ.

2015ರಲ್ಲಿ ಅದೇ ತಂಡ 70 ಅಧ್ಯಯನಗಳನ್ನು ನೋಡಿತು. ಸಾವಿನ ಸಂಭವ ಸಂಪರ್ಕದ ಕೊರತೆಯಿಂದ ಶೇ 29, ಒಂಟಿತನದಿಂದ ಶೇ 26, ಒಬ್ಬರೇ ವಾಸಿಸುವುದರಿಂದ ಶೇ 32 ಹೆಚ್ಚು ಎಂದಿತು. ಶೇ 26 ಅಂದರೆ ನೂರರಲ್ಲಿ 26 ಜನ ಹೆಚ್ಚು ಸಾಯುತ್ತಾರೆ ಎಂದು ಓದಬಾರದು. ಒಂದು ಗುಂಪಿನ ನೂರು ಜನರಲ್ಲಿ ಹತ್ತು ಜನ ಹೇಗೂ ಸಾಯುವವರಿದ್ದರು ಎಂದಿಟ್ಟುಕೊಳ್ಳಿ. ಅವರ ಜಾಗದಲ್ಲಿ ಒಂಟಿತನದಿಂದ ನರಳುವ ನೂರು ಜನರಿದ್ದರೆ ಆ ಹತ್ತು ಎಂಬುದು ಹನ್ನೆರಡು, ಹನ್ನೆರಡೂವರೆಯಷ್ಟಾಗುತ್ತದೆ. ಒಬ್ಬ ವ್ಯಕ್ತಿಗೆ ಇದು ಸಣ್ಣ ವ್ಯತ್ಯಾಸ. ಒಂದು ಜಿಲ್ಲೆಗೆ ಸಣ್ಣದಲ್ಲ.

ಇನ್ನು ಆ 15 ಸಿಗರೇಟು. 2010ರ ವಿಶ್ಲೇಷಣೆಯಲ್ಲಿ ಸಂಬಂಧಗಳ ಕೊರತೆಯ ಪರಿಣಾಮದ ಗಾತ್ರವನ್ನು ಧೂಮಪಾನ, ಬೊಜ್ಜು, ವ್ಯಾಯಾಮದ ಕೊರತೆಯಂಥ ಅಪಾಯಗಳ ಪಕ್ಕದಲ್ಲಿಟ್ಟು ತೂಗಿದ್ದರು. 2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಪರವಾಗಿ ಜನರ ಆರೋಗ್ಯದ ಬಗ್ಗೆ ಎಚ್ಚರಿಸುವ ಹಿರಿಯ ವೈದ್ಯಾಧಿಕಾರಿ, ಆಗಿದ್ದ ಡಾ. ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಎಚ್ಚರಿಕೆಯ ವರದಿ ಹೊರಡಿಸಿದಾಗ ಈ ಹೋಲಿಕೆ ಲೋಕಪ್ರಸಿದ್ಧವಾಯಿತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಈ ವೈದ್ಯರೇ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗಕ್ಕೂ ಸಹ ಅಧ್ಯಕ್ಷರಾದರು. ಹೋಲಿಕೆ ಇರುವುದು ಅಪಾಯದ ಗಾತ್ರದಲ್ಲಿ. ಹೊಗೆ ಶ್ವಾಸಕೋಶವನ್ನು ಕೆಡಿಸುವುದು ಹೇಗೆಂಬುದು ದಶಕಗಳ ಪುರಾವೆಯಿಂದ ಖಚಿತವಾಗಿದೆ. ಒಂಟಿತನದ ಬಗ್ಗೆ ಅಷ್ಟು ಖಚಿತತೆ ಇನ್ನೂ ಬಂದಿಲ್ಲ. ಹಾಗೆಯೇ ವರ್ಷಕ್ಕೆ 8.71 ಲಕ್ಷ ಎಂಬುದು ಮರಣ ಪತ್ರಗಳನ್ನು ಎಣಿಸಿ ಬಂದ ಸಂಖ್ಯೆಯಲ್ಲ, ಅಪಾಯದ ಪ್ರಮಾಣವನ್ನು ಜನಸಂಖ್ಯೆಗೆ ಅನ್ವಯಿಸಿ ಮಾಡಿದ ಅಂದಾಜು. ಸಾವಿನ ಕಾರಣ ಒಂಟಿತನ ಎಂದು ಯಾವ ವೈದ್ಯರೂ ಬರೆಯುವುದಿಲ್ಲ.

2010ರ ವಿಶ್ಲೇಷಣೆಯ ಒಳಗಿರುವ ಒಂದು ಅಂಶ ತಲೆಬರಹಗಳಲ್ಲಿ ಕಾಣಿಸಲಿಲ್ಲ. ನಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ನಂಬಿಕೆ. ‘ಒಬ್ಬರೇ ಇದ್ದೀರಾ, ಬೇರೆಯವರ ಜೊತೆ ಇದ್ದೀರಾ’ ಎಂಬ ಒಂದೇ ಪ್ರಶ್ನೆಯಿಂದ ಸಂಬಂಧವನ್ನು ಅಳೆದ ಅಧ್ಯಯನಗಳಲ್ಲಿ ವ್ಯತ್ಯಾಸ ಶೇ 19 ಮಾತ್ರ. ಮನೆ, ನೆರೆ, ಗೆಳೆತನ, ಕೆಲಸ, ಸಂಘ, ದೇವಸ್ಥಾನ ಹೀಗೆ ಹಲವು ಕಡೆ ಮನುಷ್ಯ ಎಷ್ಟು ಬೆರೆತಿದ್ದಾನೆ ಎಂದು ಅಳೆದ ಅಧ್ಯಯನಗಳಲ್ಲಿ ಶೇ 91. ಒಂದೇ ಸೂರಿನಡಿ ಇರುವುದು ಎಲ್ಲಕ್ಕಿಂತ ದುರ್ಬಲ ಅಳತೆ, ಹಲವು ಕಡೆ ಬೇರು ಬಿಟ್ಟಿರುವುದು ಎಲ್ಲಕ್ಕಿಂತ ಬಲವಾದದ್ದು. 2015ರ ಲೆಕ್ಕದಲ್ಲಿ ಒಂಟಿ ವಾಸದ ಅಪಾಯ ತುಸು ಮೇಲೆ ಬಂದಿದೆ ನಿಜ, ಆದರೆ ಈ ಅಧ್ಯಯನಗಳ ಬಹುಪಾಲು ಅಮೆರಿಕ, ಯುರೋಪಿನವು. ಅಲ್ಲಿ ಒಬ್ಬರೇ ಇರುವುದಕ್ಕೂ, ಮೂರು ಮನೆಯಾಚೆ ತಮ್ಮನ ಮನೆ ಇರುವ ಹೊಳಲ್ಕೆರೆಯ ಹಳ್ಳಿಯಲ್ಲಿ ಒಬ್ಬರೇ ಇರುವುದಕ್ಕೂ ವ್ಯತ್ಯಾಸವಿದೆ.

ನಂಟು ಮೈಯೊಳಗೆ ಇಳಿಯುವ ದಾರಿ

ಮಾತುಕತೆಗೂ ರಕ್ತನಾಳಕ್ಕೂ ಎಲ್ಲಿಯ ಸಂಬಂಧ ಎಂಬ ಪ್ರಶ್ನೆ ನ್ಯಾಯವಾದದ್ದು. ಮೂರು ದಾರಿಗಳಿವೆ.

ಮೊದಲನೆಯದು ಶರೀರದ ಎಚ್ಚರಿಕೆ ವ್ಯವಸ್ಥೆ. ಅಪಾಯ ಎದುರಾದಾಗ ಅಡ್ರಿನಲಿನ್, ಕಾರ್ಟಿಸೋಲ್ ಹರಿದು ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸಕ್ಕರೆ ರಕ್ತಕ್ಕೆ ಬರುತ್ತದೆ. ಅಪಾಯ ಹೋದ ಮೇಲೆ ಎಲ್ಲ ಇಳಿಯಬೇಕು. ಹಿಂದೆ ಜನವಿದ್ದಾರೆ ಎಂಬ ಭರವಸೆ ಇದ್ದವರಲ್ಲಿ ಅದು ಬೇಗ ಇಳಿಯುತ್ತದೆ. ತನಗೆ ತಾನೇ ಕಾವಲು ಎಂದು ಬದುಕುವವರಲ್ಲಿ ಪೂರ್ತಿ ಇಳಿಯುವುದೇ ಇಲ್ಲ. ನಿದ್ದೆ ತುಂಡಾಗುತ್ತದೆ, ಸಣ್ಣ ಮಟ್ಟದ ಉರಿಯೂತ ಒಳಗೊಳಗೇ ವರ್ಷಗಟ್ಟಲೆ ಉಳಿಯುತ್ತದೆ. ಹೃದಯ ಮತ್ತು ಮೆದುಳಿನ ರಕ್ತನಾಳಗಳನ್ನು ಕೆಡಿಸುವುದರಲ್ಲಿ ಈ ಉರಿಯೂತದ ಪಾಲು ದೊಡ್ಡದು.

ಇದು ಬರೀ ತರ್ಕವಲ್ಲ. ಶೆಲ್ಡನ್ ಕೊಹೆನ್ ಅವರ ತಂಡ 276 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿಗಳನ್ನೇ ಬಿಟ್ಟು ನೋಡಿತು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ಅಥವಾ ಹೆಚ್ಚು ಬಗೆಯ ಸಂಬಂಧಗಳಿದ್ದವರಿಗಿಂತ ಒಂದರಿಂದ ಮೂರು ಬಗೆಯವಷ್ಟೇ ಇದ್ದವರಿಗೆ ನೆಗಡಿ ಹಿಡಿಯುವ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚು. ಅಲ್ಲಿ ಲೆಕ್ಕಕ್ಕೆ ಬಂದದ್ದು ಸಂಬಂಧಗಳ ಬಗೆ: ಗಂಡ ಅಥವಾ ಹೆಂಡತಿ, ಮಕ್ಕಳು, ನೆರೆಯವರು, ಜೊತೆ ಕೆಲಸದವರು, ಸಂಘದವರು. ಒಂದೇ ಬಗೆಯ ನೂರು ಜನರಿಗಿಂತ ಆರು ಬಗೆಯ ಹತ್ತು ಜನ ಹೆಚ್ಚು ಕಾಪಾಡುತ್ತಾರೆ ಎಂದಾಯಿತು.

ಎರಡನೆಯ ದಾರಿ ಅಭ್ಯಾಸಗಳದ್ದು. ಬೆಳಿಗ್ಗೆ ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ನಡೆಯುವವರನ್ನು ಗಮನಿಸಿ. ಚಿತ್ರದುರ್ಗದಲ್ಲಿ ಕೋಟೆ ಹತ್ತುವವರನ್ನು ನೋಡಿ. ಬಹಳಷ್ಟು ಜನ ಬರುವುದು ವೈದ್ಯರು ಹೇಳಿದರೆಂದಲ್ಲ, ಜೊತೆಗಾರ ಕಾಯುತ್ತಿರುತ್ತಾನೆ ಎಂದು. ಒಂದು ದಿನ ತಪ್ಪಿದರೆ ‘ಯಾಕೆ, ಆರಾಮಿಲ್ವಾ?’ ಎಂಬ ಫೋನು ಬರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ವರ್ಷಗಟ್ಟಲೆ ತಪ್ಪದೆ ನುಂಗುವುದಕ್ಕೂ ಇಂಥದೇ ಒಬ್ಬರು ಬೇಕು. ತಿಂಗಳ ಮಾತ್ರೆ ಮುಗಿದದ್ದನ್ನು ಯಾರೂ ಗಮನಿಸದ ಮನೆಯಲ್ಲಿ ಹದಿನೈದು ದಿನ ಮಾತ್ರೆಯಿಲ್ಲದೆ ಕಳೆಯುತ್ತದೆ. ಬಿಪಿ ನೋಯುವುದಿಲ್ಲವಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಲಕ್ವ ಹೊಡೆದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ.

ಮೂರನೆಯದನ್ನು ಯಾವ ದೊಡ್ಡಾಸ್ಪತ್ರೆಯ ಚೀಟಿ ಕೌಂಟರಿನಲ್ಲಾದರೂ ಕಣ್ಣಾರೆ ನೋಡಬಹುದು. ಎದೆ ಹಿಡಿದುಕೊಂಡು ಬಂದ ಹಿರಿಯರನ್ನು ನರ್ಸ್ ಮೊದಲು ಕೇಳುವುದು, ‘ಅಜ್ಜ, ಜೊತೆಗೆ ಯಾರು ಬಂದಿದಾರೆ?’ ಎಂದು. ಚೀಟಿ ಮಾಡಿಸಲು, ರಕ್ತ ಕೊಟ್ಟು ಬರಲು, ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋಗಲು, ಸಹಿ ಹಾಕಲು, ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗಲು ಒಬ್ಬರು ಬೇಕು. ನಮ್ಮ ಆಸ್ಪತ್ರೆಗಳು ನಡೆಯುತ್ತಿರುವುದೇ ಈ ‘ಜೊತೆಗಿರುವವರ’ ಸಂಬಳವಿಲ್ಲದ ದುಡಿಮೆಯ ಮೇಲೆ. ಜೊತೆಗೆ ಯಾರೂ ಇಲ್ಲದವರು ಎಷ್ಟೋ ಸಲ ಆಸ್ಪತ್ರೆಗೇ ಬರುವುದಿಲ್ಲ.

ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಇದೇ ಬೆಳಕಿನಲ್ಲಿ ನೋಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದಯ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಜೀವ ಉಳಿಸುವ ಯೋಜನೆ, ಎರಡು ಮಾತಿಲ್ಲ. ಆದರೆ ಆ ಸೂಜಿ ಕೆಲಸ ಮಾಡುವುದು ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ. ಮೊಳಕಾಲ್ಮುರಿನ ಹಳ್ಳಿಯೊಂದರಲ್ಲಿ ರಾತ್ರಿ ಎರಡು ಗಂಟೆಗೆ ಬೆವರಿ ಎದ್ದ ಮನುಷ್ಯನನ್ನು ‘ಗ್ಯಾಸ್ ಇರಬೇಕು’ ಎಂದು ಬೆಳಗಿನ ತನಕ ಕಾಯಲು ಬಿಡದೆ, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುವ ಇಬ್ಬರು ಇರಬೇಕು.

ತಕರಾರು ಎಲ್ಲಿದೆ

ಎಲ್ಲ ವಿಜ್ಞಾನಿಗಳೂ ಇದನ್ನು ಹೀಗೇ ಒಪ್ಪುವುದಿಲ್ಲ. ಮೊದಲ ಆಕ್ಷೇಪ ಕಾರಣ ಮತ್ತು ಪರಿಣಾಮ ತಿರುಗಾಮುರುಗಾ ಆಗಿರಬಹುದು ಎಂಬುದು. ಕೀಲು ನೋವಿರುವ ಅಜ್ಜಿ ಕಟ್ಟೆಗೆ ಬರುವುದನ್ನು ಬಿಡುತ್ತಾಳೆ. ಕಿವಿ ಮಂದವಾದ ಅಜ್ಜ ಮಾತು ಬಿಡುತ್ತಾನೆ. ಅಂದರೆ ಕಾಯಿಲೆಯೇ ಒಂಟಿತನ ತಂದಿತೇ ಹೊರತು ಒಂಟಿತನ ಕಾಯಿಲೆ ತರಲಿಲ್ಲ. ಬಡತನವೂ ಎರಡನ್ನೂ ಒಟ್ಟಿಗೇ ತರುತ್ತದೆ.

2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಆಕ್ಷೇಪಕ್ಕೆ ಬಲ ಕೊಟ್ಟಿತು. ಜನರ ಆರೋಗ್ಯ ಮತ್ತು ಆನುವಂಶಿಕ ಮಾಹಿತಿಯ ಭಂಡಾರವಾದ ಬ್ರಿಟನ್ನಿನ ಬಯೋಬ್ಯಾಂಕಿನ 4.76 ಲಕ್ಷ ಜನರ ಮಾಹಿತಿಯಲ್ಲಿ, ನೋಡಿದ 56 ಕಾಯಿಲೆಗಳಲ್ಲಿ 30ಕ್ಕೆ ಒಂಟಿತನದ ನಂಟು ಕಂಡಿತು. ಆನುವಂಶಿಕ ಮಾಹಿತಿ ಬಳಸಿ ಅವುಗಳಲ್ಲಿ 26ನ್ನು ಪರೀಕ್ಷಿಸಿದಾಗ 20ರಲ್ಲಿ ಒಂಟಿತನ ನೇರ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಹಲವು ಕಾಯಿಲೆಗಳಲ್ಲಿ ಒಂಟಿತನ ಬೆಂಕಿಯಲ್ಲ, ಬೆಂಕಿ ಇದೆಯೆಂದು ತೋರಿಸುವ ಹೊಗೆ ಎಂಬ ಅರ್ಥ ಬಂತು.

ಇನ್ನೊಂದು ಹಳೆಯ ಪೆಟ್ಟು 2003ರದ್ದು. ಹೃದಯಾಘಾತವಾಗಿದ್ದ, ಖಿನ್ನತೆ ಅಥವಾ ಸಾಮಾಜಿಕ ಆಸರೆಯ ಕೊರತೆ ಇದ್ದ 2,481 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮನೋಚಿಕಿತ್ಸೆ ಕೊಟ್ಟ ದೊಡ್ಡ ಪ್ರಯೋಗವೊಂದು ಅಮೆರಿಕದಲ್ಲಿ ನಡೆದಿತ್ತು. ಅವರ ಖಿನ್ನತೆ ತುಸು ಇಳಿಯಿತು, ಆಸರೆಯ ಭಾವನೆ ತುಸು ಹೆಚ್ಚಿತು, ಆದರೆ ಸಾವಿನಲ್ಲಾಗಲೀ ಮರುಕಳಿಸಿದ ಹೃದಯಾಘಾತದಲ್ಲಾಗಲೀ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಲ್ಲ ಸುಳ್ಳೇ? ಅಲ್ಲ. ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಜನಸಂಪರ್ಕದ ಕೊರತೆಗೂ ಬೇಗನೆ ಬರುವ ಸಾವಿಗೂ ಇರುವ ನಂಟು ನಾಲ್ಕು ದಶಕಗಳಿಂದ, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದನ್ನು ತಳ್ಳಿಹಾಕುವುದು ಕಷ್ಟ. ಒಂಟಿತನದ ಭಾವನೆಯೇ ಪ್ರತಿ ಕಾಯಿಲೆಗೂ ನೇರ ಕಾರಣ ಎಂಬುದು ಅಷ್ಟು ಗಟ್ಟಿಯಿಲ್ಲ. ಕಾಯಿಲೆ ಬಿದ್ದ ಮೇಲೆ ಕೂರಿಸಿಕೊಂಡು ಕೆಲವು ತಿಂಗಳು ಸಮಾಲೋಚನೆ ಮಾಡಿದರೆ ಐವತ್ತು ವರ್ಷಗಳ ನಂಟಿನ ಕೆಲಸ ಅದರಿಂದ ಆಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಾತಿನ ಚಿಕಿತ್ಸೆ ಸಿಕ್ಕ ರೋಗಿ ಮನೆಗೆ ಹೋದಾಗ ಮನೆ ಮೊದಲಿನ ಹಾಗೆಯೇ ಇರುತ್ತದಲ್ಲ.

‘ಅದು ಶ್ರೀಮಂತ ದೇಶಗಳ ಸಮಸ್ಯೆ’

ವರದಿಯಲ್ಲಿ ನಮ್ಮವರಿಗೆ ಅಚ್ಚರಿ ತರಬೇಕಾದ ಅಂಕಿ ಬೇರೆಯದು. ಒಂಟಿತನ ಹೇಳಿಕೊಂಡವರ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಸುಮಾರು ಶೇ 11, ಕಡಿಮೆ ಆದಾಯದ ದೇಶಗಳಲ್ಲಿ ಸುಮಾರು ಶೇ 24. ವಯಸ್ಸಿನ ಲೆಕ್ಕದಲ್ಲಿ 13ರಿಂದ 29 ವರ್ಷದವರಲ್ಲಿ ಶೇ 17ರಿಂದ 21. ಮುದುಕರ ಸಮಸ್ಯೆ, ಪಾಶ್ಚಾತ್ಯರ ಸಮಸ್ಯೆ ಎಂಬ ಎರಡೂ ನಂಬಿಕೆಗಳು ಇಲ್ಲಿ ಬೀಳುತ್ತವೆ.

ಭಾರತದಲ್ಲಿ 60 ದಾಟಿದವರಲ್ಲಿ ಒಬ್ಬರೇ ವಾಸಿಸುವವರು ಶೇ 6ರ ಆಸುಪಾಸು ಎಂದು ಹಿರಿಯರ ಬದುಕು, ಆರೋಗ್ಯದ ಕುರಿತ 2017–18ರ ರಾಷ್ಟ್ರೀಯ ಸಮೀಕ್ಷೆ ‘ಲಾಸಿ’ ಹೇಳಿತ್ತು. ಕೇಳಲು ಸಣ್ಣ ಸಂಖ್ಯೆ. ಆದರೆ 2022ರಲ್ಲಿ ಜನಸಂಖ್ಯೆಯ ಶೇ 10.5ರಷ್ಟಿದ್ದ 60 ದಾಟಿದವರು 2050ಕ್ಕೆ ಶೇ 20.8 ಆಗುತ್ತಾರೆ ಎಂಬ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜಿನ ಜೊತೆ ಇಟ್ಟು ಓದಬೇಕು. ಮೇಲೆ ಹೇಳಿದ ಶೇ 19 ಮತ್ತು ಶೇ 91ರ ವ್ಯತ್ಯಾಸವನ್ನೂ ಮರೆಯಬಾರದು. ಮನೆಯಲ್ಲಿ ಜನ ಇದ್ದಾರೆಯೇ ಎಂಬುದನ್ನಷ್ಟೇ ಕೇಳಿ ನಾವು ನೆಮ್ಮದಿಯಾಗಿದ್ದೇವೆ.

ಗಿರಣಿಯ ಜೊತೆ ಮುಚ್ಚಿಹೋದದ್ದು

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಗಳ ಪಾಳಿಯೇ ಊರಿನ ಗಡಿಯಾರ. ಗಿರಣಿ ಕಾರ್ಮಿಕನಿಗೆ ಎಷ್ಟು ಬಗೆಯ ನಂಟು ಇತ್ತು ಎಂದು ಕೊಹೆನ್ ಅವರ ರೀತಿಯಲ್ಲಿ ಎಣಿಸಿ ನೋಡಿ. ಮನೆಯವರು, ವಠಾರದವರು, ಒಂದೇ ಪಾಳಿಯ ಜೊತೆಗಾರರು, ಯೂನಿಯನ್ನು, ಗರಡಿ ಮನೆ, ಸಂಜೆಯ ಮಂಡಕ್ಕಿ ಅಂಗಡಿ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಈ ಊರಿನಿಂದ ಶಾಸಕರಾಗಿ ಗೆದ್ದದ್ದು ಇಂಥ ನಂಟುಗಳ ಬಲದಿಂದ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಹೋದ ಸಂಬಳ ಮಾತ್ರ. ಆರು ಬಗೆಯ ನಂಟು ಎರಡಕ್ಕೆ ಇಳಿದದ್ದನ್ನು ಯಾರೂ ಬರೆದಿಡಲಿಲ್ಲ.

ಚಳ್ಳಕೆರೆ, ಹಿರಿಯೂರು ಕಡೆ ಕಥೆ ಬೇರೆ, ಜಾಡು ಅದೇ. ಬಿತ್ತನೆಗೆ ಮುಂಚೆ ಶೇಂಗಾ ಬೀಜ ಸುಲಿಯುವುದು ಪಡಸಾಲೆಯಲ್ಲಿ ಹತ್ತು ಹೆಂಗಸರು ಸೇರಿ ಮಾಡುವ ಕೆಲಸವಾಗಿತ್ತು. ಬೆರಳು ಕೆಲಸ ಮಾಡುತ್ತಿದ್ದರೆ ಬಾಯಿಗೆ ಬಿಡುವು. ಯಾರ ಮಗಳಿಗೆ ತಿಂಗಳಾಗಿದೆ, ಯಾರ ಗಂಡ ಮತ್ತೆ ಕುಡಿಯುತ್ತಿದ್ದಾನೆ, ಯಾರು ಎರಡು ದಿನದಿಂದ ಒಲೆ ಹಚ್ಚಿಲ್ಲ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಮುಯ್ಯಾಳು ಪದ್ಧತಿಯೂ ಹಾಗೆಯೇ. ಈಗ ಸುಲಿಯಲು ಯಂತ್ರವಿದೆ, ಬಿತ್ತಲು ಟ್ರ್ಯಾಕ್ಟರ್, ಕೀಳಲು ಗುತ್ತಿಗೆ ಆಳು. ಮಳೆ ಕೈಕೊಟ್ಟ ವರ್ಷ ಹರೆಯದವರು ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್. ಹೋಗುವುದು ಸುಲಭ, ವಾರಕ್ಕೊಮ್ಮೆ ಬರುವುದು ಸುಲಭವಲ್ಲ.

ಯಂತ್ರ ಬಂದದ್ದು ತಪ್ಪಲ್ಲ. ಮನೆಗೆ ನಲ್ಲಿ ಬಂದದ್ದಂತೂ ಹೆಂಗಸರ ಬೆನ್ನು ಉಳಿಸಿದೆ. ನೀರಿಗಾಗಿ ಕಿಲೋಮೀಟರ್ ನಡೆಯುವುದು ಚೆಂದ ಎಂದು ಯಾರೂ ಹೇಳಬಾರದು. ಹೇಳಬೇಕಾದ್ದು ಇಷ್ಟೇ: ಆ ಕೆಲಸಗಳು ಜನ ಸೇರುವುದಕ್ಕೆ ನೆಪವಾಗಿದ್ದವು. ಕೆಲಸ ಹೋದಾಗ ನೆಪವೂ ಹೋಯಿತು, ಅದರ ಜಾಗಕ್ಕೆ ಬೇರೆ ನೆಪ ಬರಲಿಲ್ಲ. ಸುಮ್ಮನೆ ಒಬ್ಬರ ಮನೆಗೆ ಹೋಗಿ ‘ಮಾತಾಡೋಣ ಅಂತ ಬಂದೆ’ ಎನ್ನುವುದು ನಮ್ಮಲ್ಲಿ ಬಹಳ ಜನರಿಗೆ, ಅದರಲ್ಲೂ ಗಂಡಸರಿಗೆ, ಬರುವುದಿಲ್ಲ. ಏನಾದರೊಂದು ಬೇಕು. ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಸಂಜೆ ಆರಕ್ಕೆ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಪೇಪರಿನ ಹಾಳೆ ಹರಡಿ, ಮೇಲೆ ಖಾರ ಮಂಡಕ್ಕಿ ಸುರಿದು, ಪಕ್ಕಕ್ಕೆ ನಾಲ್ಕು ಮಿರ್ಚಿ ಇಡುತ್ತಾರೆ. ನಾಲ್ಕು ಕೈ ಒಂದೇ ರಾಶಿಗೆ ಇಳಿಯುತ್ತವೆ. ಇಪ್ಪತ್ತು ನಿಮಿಷ ಯಾರೂ ಏಳುವ ಹಾಗಿಲ್ಲ. ಅಷ್ಟರಲ್ಲಿ ಒಬ್ಬನಿಗೆ ವಾರದಿಂದ ಎದೆ ಉರಿಯುತ್ತಿದೆ ಎಂಬ ಮಾತು ಹೊರಬರುತ್ತದೆ, ಇನ್ನೊಬ್ಬ ‘ನಾಳೆ ಬೆಳಿಗ್ಗೆ ಒಂದು ಇಸಿಜಿ ಮಾಡ್ಸೋಣ ನಡಿ’ ಎನ್ನುತ್ತಾನೆ.

ಕುಡಿತದ ಅಂಗಡಿಯೂ ಗಂಡಸರಿಗೆ ಸೇರುವ ನೆಪವೇ. ಬೇರೆ ನೆಪಗಳು ಕಡಿಮೆಯಾದ ಊರಿನಲ್ಲಿ ಅದೊಂದೇ ಉಳಿದಿರುವುದು ಆರೋಗ್ಯ ಇಲಾಖೆ ಯೋಚಿಸಬೇಕಾದ ಸಂಗತಿ.

ಎಲ್ಲ ನಂಟೂ ಮದ್ದಲ್ಲ

‘ಕೂಡಿ ಬಾಳಿದರೆ ಸ್ವರ್ಗ ಸುಖ’ ಎಂದು ಹೇಳಿ, ಕೂಡು ಕುಟುಂಬ ಮರಳಿ ತಂದರೆ ಎಲ್ಲ ಸರಿಹೋಗುತ್ತದೆ ಎಂದು ವಾದಿಸುವವರು ಬಹಳ. ಈ ವಾದವನ್ನು ಒಪ್ಪುವುದು ಕಷ್ಟ.

ಕೂಡಿದ ಮಾತ್ರಕ್ಕೆ ಮೈಗೆ ಒಳ್ಳೆಯದಾಗುವುದಿಲ್ಲ. ಜಾನಿಸ್ ಕೀಕೊಲ್ಟ್-ಗ್ಲೇಸರ್ ಅವರ ತಂಡ 42 ದಂಪತಿಗಳ ತೋಳಿನ ಮೇಲೆ ಸಣ್ಣ ಗುಳ್ಳೆಗಾಯ ಮಾಡಿ, ಅದು ವಾಸಿಯಾಗುವ ವೇಗ ಅಳೆದಿತ್ತು. 2005ರ ಆ ಅಧ್ಯಯನದಲ್ಲಿ, ಪರಸ್ಪರ ಹಗೆತನ ಹೆಚ್ಚಿದ್ದ ಜೋಡಿಗಳ ಗಾಯ ಉಳಿದವರ ಶೇ 60ರ ವೇಗದಲ್ಲಷ್ಟೇ ಮಾಯಿತು. ಅದೇ ಸಂಶೋಧಕಿಯ 1995ರ ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಬಂಧುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ಗಾಯ ಮಾಯಲು ಬೇರೆಯವರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಕೂಡು ಕುಟುಂಬ ಯಾರನ್ನೋ ಕಾಪಾಡುತ್ತಿದೆ ಎಂದರೆ, ಅದರೊಳಗೆ ಒಬ್ಬ ಸೊಸೆಯೋ ಹೆಂಡತಿಯೋ ಆ ಕಾಪಾಡುವ ಕೆಲಸವನ್ನು ಬಿಡುವಿಲ್ಲದೆ ಮಾಡುತ್ತಿದ್ದಾಳೆ. ಅವಳ ಗಾಯ ಮಾಯುತ್ತಿದೆಯೇ ಎಂದೂ ನೋಡಬೇಕು.

ನಂಟು ಬಿಗಿಯಾದಷ್ಟೂ ಅದು ಕತ್ತನ್ನೂ ಬಿಗಿಯಬಲ್ಲದು. ಹೆಂಗಸರ ಸಂಘ ಎಷ್ಟೋ ಜನರಿಗೆ ಮನೆಯಾಚೆ ಸಿಕ್ಕ ಮೊದಲ ಬಳಗ. ಆದರೆ ಗುಂಪು ಸಾಲದ ಕಂತು ತಪ್ಪಿದಾಗ ಅದೇ ಗುಂಪಿನವರು ಬಂದು ಬಾಗಿಲಲ್ಲಿ ಕೂರುವಂತೆ ಮಾಡುವ ವಸೂಲಿಯ ಕ್ರಮವೂ ಇದೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಮುಯ್ಯಾಳು ಬಹುಮಟ್ಟಿಗೆ ಜಾತಿಯೊಳಗೇ ನಡೆಯುತ್ತಿತ್ತು, ಕೇರಿಯ ಹೊಲಕ್ಕೆ ಊರಿನವರು ಮುಯ್ಯಿಗೆ ಹೋದದ್ದು ಅಪರೂಪ. ಚಿತ್ರದುರ್ಗ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿ ಮತ್ತು ಹಸುಗೂಸನ್ನು ಹೊರಗೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅತ್ಯಂತ ಒಗ್ಗಟ್ಟಿನ ಸಮುದಾಯವೇ ಆರೈಕೆ ಬೇಕಾದ ಹೊತ್ತಿನಲ್ಲಿ ತನ್ನವರನ್ನೇ ದೂರವಿಡುವುದು ಇದು. ಹಳೆಯದೆಲ್ಲವೂ ಆರೋಗ್ಯಕರವಾಗಿತ್ತು ಎನ್ನುವ ಮುಂಚೆ ಆ ಬಾಣಂತಿಯನ್ನು ನೆನೆಯಬೇಕು.

ಸರ್ಕಾರದ ಕೈಯಲ್ಲಿ ಏನಿದೆ

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಸಾಮಾಜಿಕ ಸಂಪರ್ಕದ ಬಗ್ಗೆ ತನ್ನ ಮೊದಲ ನಿರ್ಣಯ ಅಂಗೀಕರಿಸಿತು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನಕ್ಕೆಂದೇ ಸಚಿವರನ್ನು ನೇಮಿಸಿದವು. ನಮಗೆ ಹೊಸ ಖಾತೆ ಬೇಕಾಗಿಲ್ಲ. ಇರುವ ಯೋಜನೆಗಳನ್ನು ಈ ಕಣ್ಣಿನಿಂದ ನೋಡಿದರೆ ಬೇಕಾದಷ್ಟಿದೆ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಬಗ್ಗೆ ನಡೆದ ಚರ್ಚೆಯೆಲ್ಲ ಹಣದ್ದು. ಹೊನ್ನಾಳಿಯಿಂದ ತವರಿಗೆ, ಜಗಳೂರಿನಿಂದ ನಾಯಕನಹಟ್ಟಿ ಜಾತ್ರೆಗೆ, ಆಸ್ಪತ್ರೆಯಲ್ಲಿರುವ ಅಕ್ಕನನ್ನು ನೋಡಲು ಯಾರ ಬಳಿಯೂ ಬಸ್ ಚಾರ್ಜು ಕೇಳದೆ ಹೊರಡುವ ಹೆಂಗಸಿಗೆ ನಂಟಿನ ಬಗೆಗಳು ಹೆಚ್ಚುತ್ತವೆ. ಯೋಜನೆಯ ಲಾಭ ನಷ್ಟ ಅಳೆಯುವವರು ಇದನ್ನೂ ಒಂದು ಅಂಕಣವಾಗಿ ಸೇರಿಸಬೇಕು. ಹಾಗೆಯೇ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಂಜೆ ಎರಡು ತಾಸು ಬಾಗಿಲು ತೆರೆದಿಟ್ಟು, ಪೇಪರ್ ಗಟ್ಟಿಯಾಗಿ ಓದುವ ಒಬ್ಬ ಹುಡುಗ ಅಥವಾ ಹುಡುಗಿ ಇದ್ದರೆ, ಕಣ್ಣು ಮಂದವಾದ ಹಿರಿಯರಿಗೆ ಬರಲು ನೆಪ ಸಿಗುತ್ತದೆ. ಹುಡುಗರಿಗೂ ಮೊಬೈಲ್ ಬಿಟ್ಟು ಕೂರಲು ಒಂದು ಕಾರಣ. ಅರಳಿಕಟ್ಟೆಗೆ ರ್‍ಯಾಂಪ್, ಹಿಡಿದು ಏಳಲು ಒಂದು ಕಂಬಿ ಹಾಕಲು ಪಂಚಾಯಿತಿಗೆ ದೊಡ್ಡ ಹಣ ಬೇಕಿಲ್ಲ. ಕೀಲು ನೋವಿನವರು ಕಟ್ಟೆ ಬಿಟ್ಟದ್ದು ಮೆಟ್ಟಿಲಿನ ಕಾರಣಕ್ಕೇ ಇರಬಹುದು. ಮಾತು ಬಿಟ್ಟ ಅಜ್ಜನಿಗೆ ಬೇಕಿರುವುದು ಕಿವಿಯ ಯಂತ್ರವೇ ಇರಬಹುದು.

ಮನಸ್ಸು ತೀರಾ ಕುಗ್ಗಿದವರಿಗೆ ಹಗಲೂ ರಾತ್ರಿ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಂಖ್ಯೆ 14416, ಹಿರಿಯರ ದೂರು ಮತ್ತು ನೆರವಿಗೆ 14567. ಈ ಎರಡು ಸಂಖ್ಯೆಗಳು ಔಷಧಿ ಅಂಗಡಿಯ ಗೋಡೆಯ ಮೇಲೆ ಇರಬೇಕು.

ಇನ್ನು ಪತ್ತೆ ಹಚ್ಚುವ ಕೆಲಸ. ಬಿಪಿ, ಸಕ್ಕರೆ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಈಗಾಗಲೇ ಮನೆ ಬಾಗಿಲಿಗೆ ಹೋಗುತ್ತಿದ್ದಾರೆ. ಒಂಟಿತನ ಅಳೆಯಲು ಸಂಶೋಧಕರು ಬಳಸುವ ಚಿಕ್ಕ ಮಾಪಕದಲ್ಲಿ ಮೂರೇ ಪ್ರಶ್ನೆ: ಜೊತೆಗಾರರಿಲ್ಲ ಎಂದು ಎಷ್ಟು ಸಲ ಅನಿಸುತ್ತದೆ, ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಎಂದು ಎಷ್ಟು ಸಲ ಅನಿಸುತ್ತದೆ, ಎಲ್ಲರಿಂದ ದೂರವಾಗಿದ್ದೇನೆ ಎಂದು ಎಷ್ಟು ಸಲ ಅನಿಸುತ್ತದೆ. ಎರಡು ನಿಮಿಷದ ಕೆಲಸ. ಆದರೆ ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದಿರುವ ಆಶಾ ಕಾರ್ಯಕರ್ತೆಯ ಮೇಲೆ ಸಂಬಳವಿಲ್ಲದೆ ಇನ್ನೊಂದು ಕೆಲಸ ಹೇರಬಾರದು. ಪ್ರಶ್ನೆಯನ್ನು ತುಂಬಿದ ಮನೆಯ ನಡುವೆ, ಸೊಸೆಯ ಎದುರಿಗೆ ಕೇಳಿದರೆ ನಿಜವಾದ ಉತ್ತರವೂ ಬರುವುದಿಲ್ಲ. ಜಗುಲಿಯ ಮೇಲೆ, ಬಿಪಿ ಪಟ್ಟಿ ತೋಳಿಗೆ ಸುತ್ತಿರುವಾಗ, ಇಬ್ಬರೇ ಇದ್ದಾಗ ಕೇಳಬೇಕು.

‘ಯಾವಾಗಲೂ ಹಂಗೇ ಅನ್ಸುತ್ತವ್ವ’ ಎಂಬ ಉತ್ತರ ಬಂದರೆ ಆಕೆ ಮುಂದೇನು ಮಾಡಬೇಕು ಎಂಬುದನ್ನು ಮೊದಲೇ ಸಿದ್ಧ ಮಾಡಿಕೊಡಬೇಕು. ಆ ಊರಿನಲ್ಲಿ ಯಾವ ವಾರ ಯಾವ ಹೊತ್ತಿಗೆ ಭಜನೆ, ಯಾವ ಸಂಘದಲ್ಲಿ ಜಾಗವಿದೆ, ಅರಿವು ಕೇಂದ್ರ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಅಜ್ಜಿಯನ್ನು ಕೈಹಿಡಿದು ಅಲ್ಲಿಯವರೆಗೆ ಕರೆದೊಯ್ಯಲು ಅದೇ ಬೀದಿಯಲ್ಲಿ ಯಾರಿದ್ದಾರೆ ಎಂಬ ಒಂದು ಪುಟದ ಪಟ್ಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಾತ್ರೆ ಕೊಡುವ ಕಿಟಕಿಯ ಪಕ್ಕದಲ್ಲೇ ಇರಬೇಕು.